ತೈಲದ ಇಳಿಮುಖ, ಕಾಳಿ ಕಣಿವೆಯ ಶಕ್ತಿಮೂಲಗಳು: ಮುಖ್ಯಾಂಶಗಳು

ವ್ಯಾಪ್ತಿ

• ಮುಖ್ಯ ಪ್ರದೇಶ: ಉತ್ತರ ಕನ್ನಡ ಜಿಲ್ಲೆ, ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳು
• ನದಿಗಳು: ಕಾಳಿ (ಕಾರವಾರ), ಗಂಗಾವಳಿ (ಅಂಕೋಲಾ)
• ಕಾಳಿಯ ಕೆಳದಂಡೆ ಗ್ರಾಮಗಳು: ಕದ್ರಾ, ಮಲ್ಲಾಪುರ, ಸಿದ್ದರ, ಕಿನ್ನರ, ಕಡವಾಡ
• ಒಂದೇ ನದಿಕಣಿವೆಯಲ್ಲಿ ಜಲವಿದ್ಯುತ್ ಮತ್ತು ಅಣುವಿದ್ಯುತ್: ರಾಜ್ಯದಲ್ಲಿ ಬೇರೆಲ್ಲೂ ಇಲ್ಲ
• ಕಾಳಿ ಕಣಿವೆಯ ಒಟ್ಟು ಸ್ಥಾಪಿತ ಸಾಮರ್ಥ್ಯ: ಜಲವಿದ್ಯುತ್ ಸುಮಾರು 1,270 ಮೆ.ವಾ. + ಅಣುವಿದ್ಯುತ್ 880 ಮೆ.ವಾ. = ಸುಮಾರು 2,150 ಮೆ.ವಾ.
• ಪ್ರಮುಖ ಭೇದ: ದೇಶದಲ್ಲಿ ತೈಲದ ಮುಖ್ಯ ಬಳಕೆ ಸಾರಿಗೆಗೆ, ವಿದ್ಯುತ್ ಉತ್ಪಾದನೆಯ ಮುಖ್ಯ ಇಂಧನ ಕಲ್ಲಿದ್ದಲು. ಆದ್ದರಿಂದ ಅಣು, ಜಲ, ಸೌರ ವಿದ್ಯುತ್ತು ತೈಲಕ್ಕೆ ಪರ್ಯಾಯವಾಗುವುದು ರೈಲು, ಬಸ್ಸು, ಪಂಪ್‌ಸೆಟ್ಟು ವಿದ್ಯುತ್ತಿಗೆ ಬದಲಾದಾಗ ಮಾತ್ರ. ಹೆಚ್ಚಿನ ಕೈಪಿಡಿಗಳಲ್ಲಿ ಈ ಭೇದ ಬಿಟ್ಟುಹೋಗಿದೆ. ವಿವರಣಾತ್ಮಕ ಉತ್ತರದಲ್ಲಿ ಮೊದಲು ಬರೆಯಬೇಕಾದ ಅಂಶ ಇದೇ

ತೈಲ: ವಿಶ್ವದ ದಿನಾಂಕಗಳು

• 1859 ಆಗಸ್ಟ್ 27: ಮೊದಲ ವಾಣಿಜ್ಯ ತೈಲಬಾವಿ, ಟೈಟಸ್‌ವಿಲ್, ಪೆನ್ಸಿಲ್ವೇನಿಯಾ (ಅಮೆರಿಕ), ಎಡ್ವಿನ್ ಡ್ರೇಕ್
• 1948: ಘಾವರ್ ಕ್ಷೇತ್ರ ಪತ್ತೆ, ಸೌದಿ ಅರೇಬಿಯಾ, ನೆಲದ ಮೇಲಿನ ಅತಿ ದೊಡ್ಡ ಸಾಂಪ್ರದಾಯಿಕ ತೈಲಕ್ಷೇತ್ರ
• 1956: ಎಂ. ಕಿಂಗ್ ಹಬರ್ಟ್ (ಭೂವಿಜ್ಞಾನಿ, ಶೆಲ್ ಕಂಪನಿ): 'ತೈಲ ಶಿಖರ' ಸಿದ್ಧಾಂತ, ಅಮೆರಿಕದ ಉತ್ಪಾದನೆ 1965–70ರ ನಡುವೆ ಗರಿಷ್ಠ ಎಂಬ ಮುನ್ಸೂಚನೆ
• 1960 ಸೆಪ್ಟೆಂಬರ್: ಒಪೆಕ್ ಸ್ಥಾಪನೆ, ಬಾಗ್ದಾದ್, ಸ್ಥಾಪಕ ಸದಸ್ಯರು 5: ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯಾ, ವೆನೆಜುವೆಲಾ, ಕೇಂದ್ರ ಕಚೇರಿ 1965ರಿಂದ ವಿಯೆನ್ನಾ
• 1970: ಅಮೆರಿಕದ ಸಾಂಪ್ರದಾಯಿಕ ಉತ್ಪಾದನೆಯ ಶಿಖರ
• 1973 ಅಕ್ಟೋಬರ್: ಅರಬ್ ರಾಷ್ಟ್ರಗಳ ತೈಲ ನಿರ್ಬಂಧ, ಬ್ಯಾರೆಲ್ ಬೆಲೆ ಸುಮಾರು 3 ಡಾಲರ್‌ನಿಂದ ಸುಮಾರು 12 ಡಾಲರ್‌ಗೆ
• 1974 ನವೆಂಬರ್: ಅಂತಾರಾಷ್ಟ್ರೀಯ ಇಂಧನ ಸಂಸ್ಥೆ (ಐಇಎ), ಪ್ಯಾರಿಸ್
• 1979: ಇರಾನ್ ಕ್ರಾಂತಿ, ಎರಡನೇ ತೈಲ ಆಘಾತ
• 2008 ಜುಲೈ: ಬ್ಯಾರೆಲ್‌ಗೆ ಸುಮಾರು 147 ಡಾಲರ್, ದಾಖಲೆ
• 2018: ಶೇಲ್ ತೈಲದ ಬಲದಿಂದ ಅಮೆರಿಕ 1970ರ ಶಿಖರದಾಚೆ
• 2020 ಏಪ್ರಿಲ್ 20: ಅಮೆರಿಕದ ಡಬ್ಲ್ಯುಟಿಐ ತೈಲದ ವಾಯಿದಾ ಬೆಲೆ ಶೂನ್ಯಕ್ಕಿಂತ ಕೆಳಗೆ, ಇತಿಹಾಸದಲ್ಲೇ ಮೊದಲು
• 1 ಬ್ಯಾರೆಲ್ = ಸುಮಾರು 159 ಲೀಟರ್
• ವಿಶ್ವದ ಬಳಕೆ: ದಿನಕ್ಕೆ 10 ಕೋಟಿ ಬ್ಯಾರೆಲ್‌ಗೂ ಅಧಿಕ
• ಅತಿ ಹೆಚ್ಚು ನಿಕ್ಷೇಪ: ವೆನೆಜುವೆಲಾ, ಅತಿ ಹೆಚ್ಚು ಉತ್ಪಾದನೆ: ಅಮೆರಿಕ

ಭಾರತ: ಉತ್ಪಾದನೆ ಇಳಿಕೆ, ಆಮದು ಏರಿಕೆ

• 1889: ಡಿಗ್ಬಾಯ್ (ಅಸ್ಸಾಂ) ತೈಲ, 1901: ಡಿಗ್ಬಾಯ್ ಸಂಸ್ಕರಣಾಗಾರ
• 1956 ಆಗಸ್ಟ್ 14: ಒಎನ್‌ಜಿಸಿ (ತೈಲ ಮತ್ತು ನೈಸರ್ಗಿಕ ಅನಿಲ ಸಂಸ್ಥೆ) ಸ್ಥಾಪನೆ
• 1974: ಬಾಂಬೆ ಹೈ ಪತ್ತೆ, ರಿಗ್ 'ಸಾಗರ್ ಸಾಮ್ರಾಟ್', ಉತ್ಪಾದನೆ 1976
• 2004: ಮಂಗಳಾ ಕ್ಷೇತ್ರ ಪತ್ತೆ, ಬಾರ್ಮೇರ್ (ರಾಜಸ್ಥಾನ); ಉತ್ಪಾದನೆ 2009
• 2009 ಏಪ್ರಿಲ್: ಕೃಷ್ಣಾ–ಗೋದಾವರಿ ಡಿ6 ಅನಿಲ ಉತ್ಪಾದನೆ
• 2016: ಹೈಡ್ರೋಕಾರ್ಬನ್ ಪರಿಶೋಧನೆ ಮತ್ತು ಪರವಾನಗಿ ನೀತಿ (ಹೆಲ್ಪ್)

ಕಚ್ಚಾತೈಲ ಉತ್ಪಾದನೆ (ದಶಲಕ್ಷ ಟನ್)
• 2011–12: 38.1
• 2014–15: 37.5
• 2017–18: 35.7
• 2019–20: 32.2
• 2021–22: 29.7
• 2023–24: 29.4
• 2024–25: 28.7

ಆಮದು ಅವಲಂಬನೆ
• 2019–20: ಶೇ. 85
• 2022–23: ಶೇ. 87ಕ್ಕೂ ಅಧಿಕ
• 2024–25: ಶೇ. 88ಕ್ಕೂ ಅಧಿಕ
• ತೈಲ ಬಳಕೆಯಲ್ಲಿ ಭಾರತದ ಸ್ಥಾನ: 3 (ಅಮೆರಿಕ, ಚೀನಾ ನಂತರ)
• 2022–23ರಿಂದ ಅತಿ ಹೆಚ್ಚು ಕಚ್ಚಾತೈಲ ಪೂರೈಕೆ: ರಷ್ಯಾ, ಅದಕ್ಕೆ ಮೊದಲು: ಇರಾಕ್

ಕರ್ನಾಟಕ ಕರಾವಳಿ ಮತ್ತು ತೈಲ

• ಕಾರವಾರದ ಎದುರಿನ ಸಮುದ್ರ: ಕೇರಳ–ಕೊಂಕಣ ಸಂಚಯನ ಜಲಾನಯನ, ದೇಶದ ಒಟ್ಟು 26 ಜಲಾನಯನಗಳಲ್ಲಿ 3ನೇ ವರ್ಗ, ವಾಣಿಜ್ಯ ತೈಲ ಉತ್ಪಾದನೆ: ಇಲ್ಲ
• ಎಂಆರ್‌ಪಿಎಲ್, ಮಂಗಳೂರು: ಸ್ಥಾಪನೆ 1988 ಮಾರ್ಚ್ 7; ಆರಂಭದಲ್ಲಿ ಎಚ್‌ಪಿಸಿಎಲ್ ಮತ್ತು ಆದಿತ್ಯ ಬಿರ್ಲಾ ಸಮೂಹದ ಜಂಟಿ ಉದ್ಯಮ; 2003ರಿಂದ ಒಎನ್‌ಜಿಸಿ ಅಧೀನ; ವಾರ್ಷಿಕ ಸಾಮರ್ಥ್ಯ 15 ದಶಲಕ್ಷ ಟನ್; ರಾಜ್ಯದ ಏಕೈಕ ತೈಲ ಸಂಸ್ಕರಣಾಗಾರ
• ಕಾರ್ಯತಂತ್ರದ ತೈಲ ಸಂಗ್ರಹ (ಭೂಗತ ಶಿಲಾಗುಹೆಗಳು), ನಿರ್ವಹಣೆ ಐಎಸ್‌ಪಿಆರ್‌ಎಲ್ (2004):
 – ಪಾದೂರು (ಕಾಪು ತಾಲ್ಲೂಕು, ಉಡುಪಿ): 2.5 ದಶಲಕ್ಷ ಟನ್
 – ಮಂಗಳೂರು: 1.5
 – ವಿಶಾಖಪಟ್ಟಣ: 1.33
 – ಒಟ್ಟು: 5.33, ಇದರಲ್ಲಿ ಕರ್ನಾಟಕದ ಪಾಲು 4, ಅಂದರೆ ಮುಕ್ಕಾಲು ಭಾಗ
• 2021 ಜುಲೈ: ಎರಡನೇ ಹಂತಕ್ಕೆ ಸಂಪುಟ ಒಪ್ಪಿಗೆ, ಚಂಡಿಖೋಲ್ (ಒಡಿಶಾ) 4, ಪಾದೂರು 2.5 ದಶಲಕ್ಷ ಟನ್
• ಕಾರವಾರ ವಾಣಿಜ್ಯ ಬಂದರು: ಬೈತಖೋಲ, ಪೆಟ್ರೋಲಿಯಂ ಉತ್ಪನ್ನ ಮತ್ತು ಡಾಂಬರು ಆಮದು
• ಕೇಣಿ (ಅಂಕೋಲಾ): ಸರ್ವಋತು ಆಳಸಮುದ್ರ ಬಂದರು ಯೋಜನೆ, ಕರ್ನಾಟಕ ಜಲಸಾರಿಗೆ ಮಂಡಳಿಯಿಂದ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್‌ಗೆ 2023 ನವೆಂಬರ್, ಅಂದಾಜು 4,119 ಕೋಟಿ ರೂ.; ಆರಂಭಿಕ ಸಾಮರ್ಥ್ಯ ವರ್ಷಕ್ಕೆ 30 ದಶಲಕ್ಷ ಟನ್; ಸ್ಥಳೀಯ ಮೀನುಗಾರರ ವಿರೋಧ
• 2024 ಜುಲೈ 16: ಶಿರೂರು ಭೂಕುಸಿತ (ಅಂಕೋಲಾ ತಾಲ್ಲೂಕು, ರಾಷ್ಟ್ರೀಯ ಹೆದ್ದಾರಿ 66), ಎಲ್‌ಪಿಜಿ ಟ್ಯಾಂಕರ್ ಗಂಗಾವಳಿ ನದಿಪಾಲು
• ಗ್ಯಾಸ್ ಕೊಳವೆಮಾರ್ಗ: ದಾಭೋಳ–ಬೆಂಗಳೂರು (2013), ಕೊಚ್ಚಿ–ಮಂಗಳೂರು, 450 ಕಿ.ಮೀ. (ಲೋಕಾರ್ಪಣೆ 2021 ಜನವರಿ 5)

ತೈಲ ಉರಿಸಿ ವಿದ್ಯುತ್: ರಾಜ್ಯ ಕೈಬಿಟ್ಟ ದಾರಿ

• ಯಲಹಂಕ ಡೀಸೆಲ್ ವಿದ್ಯುತ್ ಸ್ಥಾವರ: 1993, 6 ಘಟಕ, ಸುಮಾರು 128 ಮೆ.ವಾ.; ಸ್ಥಗಿತ
• ಅದೇ ಸ್ಥಳದಲ್ಲಿ ಯಲಹಂಕ ಸಂಯುಕ್ತ ಆವರ್ತ ಅನಿಲ ಸ್ಥಾವರ: 370 ಮೆ.ವಾ.; ರಾಜ್ಯದ ಮೊದಲ ಅನಿಲ ಆಧಾರಿತ ಸ್ಥಾವರ; ಉದ್ಘಾಟನೆ 2024 ಸೆಪ್ಟೆಂಬರ್
• ತಣ್ಣೀರುಬಾವಿ (ಮಂಗಳೂರು): ನಾಫ್ತಾ, ತೇಲುವ ನಾವೆಯ ಮೇಲಿನ ಸ್ಥಾವರ, 220 ಮೆ.ವಾ.; 2001; ನಂತರ ಆಂಧ್ರ ಪ್ರದೇಶಕ್ಕೆ ಸ್ಥಳಾಂತರ
• ಯಲಹಂಕ ಡೀಸೆಲ್ ಮತ್ತು ತಣ್ಣೀರುಬಾವಿ, ಎರಡೂ ಉದಾಹರಣೆಗಳು ಒಂದೇ ಪ್ರಶ್ನೆಗೆ ಉಪಯುಕ್ತ: ದುಬಾರಿ ದ್ರವ ಇಂಧನದ ವಿದ್ಯುತ್ ಏಕೆ ಉಳಿಯಲಿಲ್ಲ

ಕಾಳಿ ನದಿ ಮತ್ತು ಜಲವಿದ್ಯುತ್

• ಉಗಮ: ಡಿಗ್ಗಿ, ಜೋಯಿಡಾ ತಾಲ್ಲೂಕು, ಉದ್ದ 184 ಕಿ.ಮೀ.; ಸಂಗಮ: ಅರಬ್ಬಿ ಸಮುದ್ರ, ಕಾರವಾರ (ಕೋಡಿಬಾಗ–ಸದಾಶಿವಗಡ)
• ಉಗಮದಿಂದ ಸಂಗಮದವರೆಗೆ ಒಂದೇ ಜಿಲ್ಲೆಯಲ್ಲಿ ಹರಿವು
• ಉಪನದಿಗಳು: ಪಾಂಡರಿ, ಕಾನೇರಿ, ತಟ್ಟಿಹಳ್ಳ
• ನಿರ್ವಹಣೆ: ಕರ್ನಾಟಕ ವಿದ್ಯುತ್ ನಿಗಮ (ಕೆಪಿಸಿಎಲ್), ಸ್ಥಾಪನೆ 1970 ಜುಲೈ 20, ಮೊದಲ ಹೆಸರು ಮೈಸೂರು ವಿದ್ಯುತ್ ನಿಗಮ
• ವಿತರಣೆ: ಹೆಸ್ಕಾಂ, ಹುಬ್ಬಳ್ಳಿ (2002)

ಮೊದಲ ಹಂತ
• ಸೂಪಾ ಅಣೆಕಟ್ಟು, ಗಣೇಶಗುಡಿ (ಜೋಯಿಡಾ): ಎತ್ತರ 101 ಮೀ., ರಾಜ್ಯದ ಅತಿ ಎತ್ತರದ ಅಣೆಕಟ್ಟು. ಕಾಂಕ್ರೀಟ್ ಗುರುತ್ವ ವಿಧ. ಗರಿಷ್ಠ ಮಟ್ಟ 564 ಮೀ.; ಸಂಗ್ರಹ ಸುಮಾರು 145 ಟಿಎಂಸಿ
• ಸೂಪಾ ವಿದ್ಯುದಾಗಾರ: 2 × 50 = 100 ಮೆ.ವಾ.; 1985
• ಬೊಮ್ಮನಹಳ್ಳಿ: ಸಮತೋಲನ ಜಲಾಶಯ, ತಟ್ಟಿಹಳ್ಳ: ಹೆಚ್ಚುವರಿ ನೀರಿನ ತಿರುವು
• ನಾಗಝರಿ ವಿದ್ಯುದಾಗಾರ, ಅಂಬಿಕಾನಗರ: 6 ಘಟಕ, ಸುಮಾರು 900 ಮೆ.ವಾ.; ಕಾಳಿ ಕಣಿವೆಯ ಅತಿ ದೊಡ್ಡದು

ಎರಡನೇ ಹಂತ
• ಕೊಡಸಳ್ಳಿ (ಯಲ್ಲಾಪುರ ತಾಲ್ಲೂಕು): 3 × 40 = 120 ಮೆ.ವಾ.
• ಕದ್ರಾ (ಕಾರವಾರ ತಾಲ್ಲೂಕು): 3 × 50 = 150 ಮೆ.ವಾ.; ಸಮುದ್ರಕ್ಕೆ ಮುನ್ನ ಕೊನೆಯ ಅಣೆಕಟ್ಟು; ಕೈಗಾ ಸ್ಥಾವರದ ತಂಪುನೀರಿನ ಮೂಲ
• ಮೇಲಿನಿಂದ ಕೆಳಕ್ಕೆ ಕ್ರಮ: ಸೂಪಾ → ಬೊಮ್ಮನಹಳ್ಳಿ → ನಾಗಝರಿ → ಕೊಡಸಳ್ಳಿ → ಕದ್ರಾ

ಮುಳುಗಡೆ, ಪ್ರವಾಹ
• ಹಳೆಯ ಸೂಪಾ ಪಟ್ಟಣ: ಜಲಾಶಯದಡಿ, ಪುನರ್ವಸತಿ ರಾಮನಗರ, ತಾಲ್ಲೂಕು ಕೇಂದ್ರ ಜೋಯಿಡಾ
• 2019 ಆಗಸ್ಟ್: ಕದ್ರಾ ಅಣೆಕಟ್ಟೆಯಿಂದ ಭಾರೀ ಹೊರಹರಿವು; ಕೆಳದಂಡೆಯ ಗ್ರಾಮಗಳಲ್ಲಿ ನೆರೆ
• ಕಾಳಿ ಹುಲಿ ಸಂರಕ್ಷಿತ ಪ್ರದೇಶ: 2007ರಲ್ಲಿ ದಾಂಡೇಲಿ–ಅಣಶಿ; 2015ರಲ್ಲಿ ಈಗಿನ ಹೆಸರು
• ಪ್ರಶ್ನೆಪತ್ರಿಕೆ ಕೇಳುವುದು ಮೆಗಾವಾಟ್. ಸೂಪಾದ ಹೆಸರು ಅಣೆಕಟ್ಟಿಗಷ್ಟೇ ಅಲ್ಲ, ಮುಳುಗಿದ ಊರಿಗೂ ಸೇರಿದ್ದು. ಎರಡನ್ನೂ ಒಟ್ಟಿಗೇ ನೆನಪಿಡಬೇಕು

ಕೈಗಾ ಅಣು ವಿದ್ಯುತ್ ಸ್ಥಾವರ

ಮೂಲ ಮಾಹಿತಿ
• ಸ್ಥಳ: ಕೈಗಾ, ಕಾರವಾರ ತಾಲ್ಲೂಕು, ಕಾಳಿ ನದಿಯ ಎಡದಂಡೆ, ವಸತಿ ನಗರ ಮಲ್ಲಾಪುರ
• ರಾಜ್ಯದ ಏಕೈಕ ಅಣು ವಿದ್ಯುತ್ ಸ್ಥಾವರ
• ಒಡೆತನ, ನಿರ್ವಹಣೆ: ಭಾರತೀಯ ಅಣುವಿದ್ಯುತ್ ನಿಗಮ (ಎನ್‌ಪಿಸಿಐಎಲ್), ಸ್ಥಾಪನೆ 1987 ಸೆಪ್ಟೆಂಬರ್ 17, ಮುಂಬೈ
• ನಿಯಂತ್ರಣ: ಅಣುಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ), 1983 ನವೆಂಬರ್ 15
• ಸಾಮರ್ಥ್ಯ: 4 × 220 = 880 ಮೆ.ವಾ.
• ವಿಧ: ಒತ್ತಡದ ಭಾರಜಲ ರಿಯಾಕ್ಟರ್
• ಇಂಧನ: ನೈಸರ್ಗಿಕ ಯುರೇನಿಯಂ ಡೈಆಕ್ಸೈಡ್, ಮಂದಕ ಮತ್ತು ಶೀತಕ: ಭಾರಜಲ (ಡ್ಯೂಟೀರಿಯಂ ಆಕ್ಸೈಡ್), ಇಂಧನ ತಯಾರಿಕೆ: ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್, ಹೈದರಾಬಾದ್
• 400 ಕೆ.ವಿ. ಮಾರ್ಗಗಳು: ಕೈಗಾ–ನರೇಂದ್ರ (ಧಾರವಾಡ), ಕೈಗಾ–ಗುತ್ತೂರು
• ರಾಜ್ಯದ ಯುರೇನಿಯಂ ನಿಕ್ಷೇಪ: ಗೋಗಿ (ಶಹಾಪುರ ತಾಲ್ಲೂಕು, ಯಾದಗಿರಿ)

ವಾಣಿಜ್ಯ ಉತ್ಪಾದನೆ
• 2ನೇ ಘಟಕ: 2000 ಮಾರ್ಚ್ 16 (ಮೊದಲು ಆರಂಭ)
• 1ನೇ ಘಟಕ: 2000 ನವೆಂಬರ್ 16
• 3ನೇ ಘಟಕ: 2007 ಮೇ 6
• 4ನೇ ಘಟಕ: 2011 ಜನವರಿ 20, ದೇಶದ 20ನೇ ರಿಯಾಕ್ಟರ್
• ಕ್ರಿಟಿಕಾಲಿಟಿ (ಸ್ವಯಂ ಮುಂದುವರಿಯುವ ಸರಪಳಿ ಕ್ರಿಯೆಯ ಆರಂಭ): 2ನೇ ಘಟಕ 1999 ಸೆಪ್ಟೆಂಬರ್, 1ನೇ ಘಟಕ 2000 ಸೆಪ್ಟೆಂಬರ್, 3ನೇ ಘಟಕ 2007 ಫೆಬ್ರುವರಿ, 4ನೇ ಘಟಕ 2010 ನವೆಂಬರ್

ನಿರಂತರ ಕಾರ್ಯಾಚರಣೆ ದಾಖಲೆ
• 1ನೇ ಘಟಕ. ಆರಂಭ 2016 ಮೇ 13
• 2018 ಡಿಸೆಂಬರ್ 10: 941 ದಿನ, ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಹಿಂದಕ್ಕೆ
• 2018 ಡಿಸೆಂಬರ್ 31: 962 ದಿನ ಪೂರೈಸಿ ನಿಲುಗಡೆ
• ಬಳಸಿದ್ದು: ಸ್ವದೇಶಿ ಇಂಧನ, ಸ್ವದೇಶಿ ತಂತ್ರಜ್ಞಾನ

ಅವಘಡಗಳು
• 1994 ಮೇ 13: ನಿರ್ಮಾಣ ಹಂತದಲ್ಲಿ 1ನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕುಸಿತ, ವಿನ್ಯಾಸ ಪರಿಷ್ಕರಣೆ, ವಿಳಂಬ
• 2009 ನವೆಂಬರ್: ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಟಿಯಂ ಬೆರಕೆ, 50ಕ್ಕೂ ಹೆಚ್ಚು ಸಿಬ್ಬಂದಿಗೆ ವಿಕಿರಣ
• ಗಮನಿಸಿ: ಗುಮ್ಮಟ ಕುಸಿದ ಘಟಕವೂ ದಾಖಲೆ ಬರೆದ ಘಟಕವೂ ಒಂದೇ, 1ನೇ ಘಟಕ, ಕುಸಿತದ ದಿನವೂ ದಾಖಲೆಯ ಓಟದ ಮೊದಲ ದಿನವೂ ಮೇ 13. ನೆನಪಿಗೆ ಅನುಕೂಲ

ವಿರೋಧ
• ಡಾ. ಕೆ. ಶಿವರಾಮ ಕಾರಂತ (1902–1997), ಜ್ಞಾನಪೀಠ 1977: ಕೈಗಾ ವಿರುದ್ಧ ಹೋರಾಟ, ನ್ಯಾಯಾಲಯದ ಮೊರೆ; 1989ರ ಲೋಕಸಭಾ ಚುನಾವಣೆಯಲ್ಲಿ ಕೆನರಾ ಕ್ಷೇತ್ರದಿಂದ ಸ್ಪರ್ಧೆ, ಸೋಲು
• ಡಾ. ಕುಸುಮಾ ಸೊರಬ: ವೈದ್ಯೆ, ಹೊನ್ನಾವರದ ಸ್ನೇಹಕುಂಜ, ಕೈಗಾ ಮತ್ತು ಶರಾವತಿ ಟೇಲ್‌ರೇಸ್ ವಿರೋಧಿ ಚಳವಳಿಗಳ ನೇತೃತ್ವ
• ಆಕ್ಷೇಪದ ಅಂಶಗಳು: ಪಶ್ಚಿಮ ಘಟ್ಟದ ಕಾಡು, ಭೂಕಂಪನ ಅಪಾಯ, ಅಣೆಕಟ್ಟುಗಳ ಸಾಮೀಪ್ಯ, ವಿಕಿರಣ ತ್ಯಾಜ್ಯ

ವಿಸ್ತರಣೆ: 5 ಮತ್ತು 6ನೇ ಘಟಕ
• ಸಾಮರ್ಥ್ಯ: 2 × 700 = 1,400 ಮೆ.ವಾ.; ಪೂರ್ಣಗೊಂಡರೆ ಕೈಗಾ ಒಟ್ಟು 2,280 ಮೆ.ವಾ.
• 2017 ಮೇ 17: ಒಂದೇ ಸರಣಿಯಲ್ಲಿ 10 ರಿಯಾಕ್ಟರ್‌ಗಳಿಗೆ ಕೇಂದ್ರ ಸಂಪುಟದ ಒಪ್ಪಿಗೆ: ಕೈಗಾ 2, ಗೋರಖ್‌ಪುರ (ಹರಿಯಾಣ) 2, ಚುಟ್ಕಾ (ಮಧ್ಯಪ್ರದೇಶ) 2, ಮಾಹಿ ಬಾಂಸ್‌ವಾಡಾ (ರಾಜಸ್ಥಾನ) 4
• 2018 ಡಿಸೆಂಬರ್: ಸಾರ್ವಜನಿಕ ಅಹವಾಲು, ಸ್ಥಳೀಯ ವಿರೋಧ
• 2019: ಪರಿಸರ ಅನುಮತಿ
• 2022: ಅಗೆತಕ್ಕೆ ಎಇಆರ್‌ಬಿ ಅನುಮತಿ
• 2025 ಏಪ್ರಿಲ್: ಮೇಘಾ ಎಂಜಿನಿಯರಿಂಗ್ (ಎಂಇಐಎಲ್) ಸಂಸ್ಥೆಗೆ ನಿರ್ಮಾಣ ಗುತ್ತಿಗೆ, ಸುಮಾರು 12,800 ಕೋಟಿ ರೂ.
• ದೇಶದ ಮೊದಲ 700 ಮೆ.ವಾ. ಘಟಕ: ಕಾಕ್ರಾಪಾರ್–3 (ಗುಜರಾತ್), ಕ್ರಿಟಿಕಾಲಿಟಿ 2020 ಜುಲೈ 22

ಅಣುಶಕ್ತಿ: ರಾಷ್ಟ್ರೀಯ ಹಿನ್ನೆಲೆ
• 1948: ಅಣುಶಕ್ತಿ ಆಯೋಗ, 1954 ಆಗಸ್ಟ್ 3: ಅಣುಶಕ್ತಿ ಇಲಾಖೆ
• 1956 ಆಗಸ್ಟ್ 4: ಅಪ್ಸರಾ, ಏಷ್ಯಾದ ಮೊದಲ ಸಂಶೋಧನಾ ರಿಯಾಕ್ಟರ್‌ಗಳಲ್ಲಿ ಒಂದು
• 1969: ತಾರಾಪುರ, ದೇಶದ ಮೊದಲ ಅಣು ವಿದ್ಯುತ್ ಸ್ಥಾವರ
• ಹೋಮಿ ಭಾಭಾ ಅವರ ಮೂರು ಹಂತಗಳು: ನೈಸರ್ಗಿಕ ಯುರೇನಿಯಂ, ಪ್ಲುಟೋನಿಯಂ ಆಧಾರಿತ ಫಾಸ್ಟ್ ಬ್ರೀಡರ್, ಥೋರಿಯಂ. ಕೈಗಾ: 1ನೇ ಹಂತ
• 2025–26 ಬಜೆಟ್: ಅಣುಶಕ್ತಿ ಮಿಷನ್, 2047ಕ್ಕೆ 100 ಗಿಗಾವಾಟ್, ಸಣ್ಣ ಮಾಡ್ಯುಲರ್ ರಿಯಾಕ್ಟರ್‌ಗಳಿಗೆ 20,000 ಕೋಟಿ ರೂ.; 2033ರೊಳಗೆ 5

ಜಿಲ್ಲೆ ಬೇಡವೆಂದ ಯೋಜನೆಗಳು

• ಬೇಡ್ತಿ ಜಲವಿದ್ಯುತ್ (ಗಂಗಾವಳಿ ನದಿ, ಮೇಲ್ಭಾಗದ ಹೆಸರು ಬೇಡ್ತಿ): 210 ಮೆ.ವಾ.; ಅಡಿಕೆ ತೋಟ, ಕಾಡು ಮುಳುಗಡೆ ಭೀತಿ; 1981 ಶಿರಸಿ ವಿಚಾರ ಸಂಕಿರಣ; ಯೋಜನೆ ಸ್ಥಗಿತ. ರೈತರೇ ಮುಂದಾಗಿ ಲಾಭ–ನಷ್ಟದ ಲೆಕ್ಕ ಹಾಕಿಸಿದ ಆರಂಭಿಕ ಪ್ರಕರಣ. ಪರಿಸರ ವಿಷಯದ ಪ್ರಬಂಧಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ರಾಜ್ಯದಲ್ಲಿ ವಿರಳ
• ತದಡಿ (ಕುಮಟಾ ತಾಲ್ಲೂಕು, ಅಘನಾಶಿನಿ ಅಳಿವೆ): ಅತಿ ಬೃಹತ್ ಕಲ್ಲಿದ್ದಲು ಸ್ಥಾವರ ಪ್ರಸ್ತಾವ, 4,000 ಮೆ.ವಾ.; ಕೈಬಿಟ್ಟದ್ದು
• ಹಣಕೋಣ (ಕಾರವಾರ ತಾಲ್ಲೂಕು): ಖಾಸಗಿ ಕಲ್ಲಿದ್ದಲು ಸ್ಥಾವರ ಪ್ರಸ್ತಾವ, ಜನವಿರೋಧ, ಸ್ಥಾಪನೆ ಇಲ್ಲ
• ಹೋಲಿಕೆ: ಉಡುಪಿ ಉಷ್ಣ ಸ್ಥಾವರ, ಎಲ್ಲೂರು; 2 × 600 = 1,200 ಮೆ.ವಾ.; ಆಮದು ಕಲ್ಲಿದ್ದಲು; 2010–12; ಕರಾವಳಿಯಲ್ಲಿ ಸ್ಥಾಪನೆಯಾದ ಉಷ್ಣ ಸ್ಥಾವರ
• ಅಪ್ಪಿಕೋ ಚಳವಳಿ (ಮರಗಳನ್ನು ಅಪ್ಪಿಕೊಂಡು ಕಾಡು ಕಡಿತಕ್ಕೆ ತಡೆ): 1983 ಸೆಪ್ಟೆಂಬರ್ 8, ಸಲ್ಕಣಿ (ಶಿರಸಿ ತಾಲ್ಲೂಕು), ಪಾಂಡುರಂಗ ಹೆಗಡೆ

ರೈಲು: ಡೀಸೆಲ್‌ನಿಂದ ವಿದ್ಯುತ್ತಿಗೆ

• ಕೊಂಕಣ ರೈಲ್ವೆ: ರೋಹಾ–ತೋಕೂರು, ಸುಮಾರು 740 ಕಿ.ಮೀ.; ಪೂರ್ಣ ಸಂಚಾರ 1998 ಜನವರಿ
• ಕಾರವಾರ–ಅಂಕೋಲಾ ಭಾಗದ ನಿಲ್ದಾಣಗಳು: ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ
• 1999 ಜನವರಿ 26: ರೋ–ರೋ ಸೇವೆ (ಸರಕು ತುಂಬಿದ ಲಾರಿಗಳೇ ರೈಲಿನ ಮೇಲೆ), ದೇಶದಲ್ಲಿ ಮೊದಲು, ನೇರ ಡೀಸೆಲ್ ಉಳಿತಾಯ
• ವಿದ್ಯುದೀಕರಣ: ಶಂಕುಸ್ಥಾಪನೆ 2015 ನವೆಂಬರ್, ಪೂರ್ಣ 2022 ಮಾರ್ಚ್, ಲೋಕಾರ್ಪಣೆ 2022 ಜೂನ್ 20, ಬೆಂಗಳೂರು, ವೆಚ್ಚ 1,287 ಕೋಟಿ ರೂ.
• ತೈಲಕ್ಕೆ ನಿಜವಾದ ಪರ್ಯಾಯಕ್ಕೆ ಕಾರವಾರದಲ್ಲಿ ಕಣ್ಣಿಗೆ ಕಾಣುವ ಉದಾಹರಣೆ: ಈ ಮಾರ್ಗ

ಮೀನುಗಾರಿಕೆ: ಉಳಿದಿರುವ ತೈಲ ಅವಲಂಬನೆ

• ಬಂದರುಗಳು: ಬೈತಖೋಲ, ಮುದಗಾ, ಬೇಲೆಕೇರಿ, ಕೇಣಿ
• ಟ್ರಾಲ್ ಮತ್ತು ಪರ್ಸೀನ್ ಬೋಟ್: ಡೀಸೆಲ್, ನಾಡದೋಣಿ: ಸೀಮೆಎಣ್ಣೆ, ಪೆಟ್ರೋಲ್
• ಯಾಂತ್ರೀಕೃತ ಬೋಟ್‌ಗಳಿಗೆ ತೆರಿಗೆರಹಿತ ಡೀಸೆಲ್: 2023–24 ರಾಜ್ಯ ಬಜೆಟ್‌ನಲ್ಲಿ ಮಿತಿ 1.5 ಲಕ್ಷದಿಂದ 2 ಲಕ್ಷ ಕಿಲೋಲೀಟರ್‌ಗೆ
• ಅದೇ ಬಜೆಟ್: ಸೀಮೆಎಣ್ಣೆ ಎಂಜಿನ್ ಬದಲು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ತಲಾ 50,000 ರೂ. ಸಹಾಯಧನ
• ಪಶ್ಚಿಮ ಕರಾವಳಿ ಯಾಂತ್ರೀಕೃತ ಮೀನುಗಾರಿಕೆ ನಿಷೇಧ: ಜೂನ್ 1–ಜುಲೈ 31, 61 ದಿನ
• ಒಂದು ತೈಲದಿಂದ ಇನ್ನೊಂದು ತೈಲಕ್ಕೆ ಬದಲಾವಣೆ ಪರ್ಯಾಯವಲ್ಲ. ಡೀಸೆಲ್ ದರ ಏರಿದಾಗ ಮೊದಲ ಪೆಟ್ಟು ದೋಣಿಗೆ. ನೀತಿ ನಿರೂಪಣೆಯಲ್ಲಿ ಅತ್ಯಂತ ದುರ್ಬಲ ಭಾಗ ಇದು

ಜೈವಿಕ ಇಂಧನ

• 2009: ಕರ್ನಾಟಕ ಜೈವಿಕ ಇಂಧನ ನೀತಿ, ಅನುಷ್ಠಾನ ರಾಜ್ಯ ಜೈವಿಕ ಇಂಧನ ಅಭಿವೃದ್ಧಿ ಮಂಡಳಿ
• ಯೋಜನೆಗಳು: ಹಸಿರು ಹೊನ್ನು, ಬರಡು ಬಂಗಾರ
• ಎಣ್ಣೆಬೀಜದ ಮರಗಳು: ಹೊಂಗೆ, ಬೇವು, ಹಿಪ್ಪೆ, ಸೀಮರೂಬ, ಜಟ್ರೋಫ, ಸುರಹೊನ್ನೆ
• ಸುರಹೊನ್ನೆ (ಕ್ಯಾಲೋಫಿಲಂ ಇನೋಫಿಲಂ): ಕರಾವಳಿಯ ಮರ, ಸೀಮೆಎಣ್ಣೆಗೆ ಮುನ್ನ ದೀಪದ ಎಣ್ಣೆ
• ಮಡೇನೂರು (ಹಾಸನ): ರಾಜ್ಯದ ಮೊದಲ ಜೈವಿಕ ಇಂಧನ ಉದ್ಯಾನ
• ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್: ಪ್ರೊ. ಉಡುಪಿ ಶ್ರೀನಿವಾಸ, ಭಾರತೀಯ ವಿಜ್ಞಾನ ಸಂಸ್ಥೆ, ಸೂತ್ರ ಯೋಜನೆ
• 2018: ರಾಷ್ಟ್ರೀಯ ಜೈವಿಕ ಇಂಧನ ನೀತಿ, 2022 ತಿದ್ದುಪಡಿ: ಶೇ. 20 ಎಥೆನಾಲ್ ಗುರಿ 2030ರಿಂದ 2025–26ಕ್ಕೆ
• 2022 ಜೂನ್: ಶೇ. 10 ಮಿಶ್ರಣ ಸಾಧನೆ
• 2023 ಫೆಬ್ರುವರಿ 6: ಇ20 ಪೆಟ್ರೋಲ್ ಬಿಡುಗಡೆ, ಬೆಂಗಳೂರು (ಇಂಡಿಯಾ ಎನರ್ಜಿ ವೀಕ್)
• 2023 ಸೆಪ್ಟೆಂಬರ್ 9: ಜಾಗತಿಕ ಜೈವಿಕ ಇಂಧನ ಒಕ್ಕೂಟ, ನವದೆಹಲಿ
• ಕಚ್ಚಾವಸ್ತು: ಕಾಕಂಬಿ, ಕಬ್ಬಿನ ರಸ, ಮೆಕ್ಕೆಜೋಳ, ನುಚ್ಚಕ್ಕಿ, ಜಿಲ್ಲೆಯ ಕಬ್ಬಿನ ಪ್ರದೇಶ: ಹಳಿಯಾಳ
• ವಿಶ್ವ ಜೈವಿಕ ಇಂಧನ ದಿನ: ಆಗಸ್ಟ್ 10

ಅಡುಗೆಮನೆ: ಗೋಬರ್ ಗ್ಯಾಸ್, ಒಲೆ

• ಅಸ್ತ್ರ (ಗ್ರಾಮೀಣ ತಂತ್ರಜ್ಞಾನ ಕೇಂದ್ರ): ಭಾರತೀಯ ವಿಜ್ಞಾನ ಸಂಸ್ಥೆ, 1974, ಸ್ಥಾಪಕ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ, ಕೊಡುಗೆ: ಅಸ್ತ್ರ ಒಲೆ, ಪುರ ಗ್ರಾಮದ ಸಮುದಾಯ ಗೋಬರ್ ಗ್ಯಾಸ್ (ಕುಣಿಗಲ್ ತಾಲ್ಲೂಕು)
• ಹೊಸಹಳ್ಳಿ (ಕುಣಿಗಲ್ ತಾಲ್ಲೂಕು), 1988: ಸೌದೆ ಅನಿಲೀಕರಣದಿಂದ ಗ್ರಾಮ ವಿದ್ಯುತ್
• ಶಿರಸಿ ತಾಲ್ಲೂಕು: ಗೋಬರ್ ಗ್ಯಾಸ್ ಘಟಕಗಳು ಕೆಟ್ಟು ನಿಲ್ಲದೆ ನಡೆದ ಪ್ರದೇಶವೆಂದು ವಿಜ್ಞಾನ ಸಂಸ್ಥೆಯ ಅಧ್ಯಯನದಲ್ಲಿ ದಾಖಲು, ಆಧಾರ: ಕೊಟ್ಟಿಗೆ ಇರುವ ಅಡಿಕೆ ತೋಟದ ಮನೆಗಳು, ಸ್ಥಳೀಯ ದುರಸ್ತಿ ವ್ಯವಸ್ಥೆ
• ದೀನಬಂಧು ಮಾದರಿ ಗೋಬರ್ ಗ್ಯಾಸ್ ಘಟಕ: 1984
• ಪ್ರಧಾನಮಂತ್ರಿ ಉಜ್ವಲ ಯೋಜನೆ (ಬಡ ಕುಟುಂಬದ ಮಹಿಳೆಯರಿಗೆ ಎಲ್‌ಪಿಜಿ ಸಂಪರ್ಕ): 2016 ಮೇ 1, ಬಲ್ಲಿಯಾ (ಉತ್ತರ ಪ್ರದೇಶ)

ಸೌರ, ಗಾಳಿ, ಇತರೆ

• 1902: ಶಿವನಸಮುದ್ರ ಜಲವಿದ್ಯುತ್, ಕೋಲಾರ ಚಿನ್ನದ ಗಣಿಗೆ ಪೂರೈಕೆ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮಂಜೂರಾತಿ
• ಕ್ರೆಡಲ್ (ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆ): 1996
• ಯಳೇಸಂದ್ರ (ಕೋಲಾರ ಜಿಲ್ಲೆ): 3 ಮೆ.ವಾ.; ಕೆಪಿಸಿಎಲ್‌ನ ಮೊದಲ ಗ್ರಿಡ್ ಸಂಪರ್ಕಿತ ಸೌರ ಸ್ಥಾವರ
• ಪಾವಗಡ ಸೌರ ಪಾರ್ಕ್ 'ಶಕ್ತಿಸ್ಥಳ' (ತುಮಕೂರು): 2,050 ಮೆ.ವಾ.; ಸುಮಾರು 13,000 ಎಕರೆ; 5 ಗ್ರಾಮಗಳು; ಉದ್ಘಾಟನೆ 2018 ಮಾರ್ಚ್ 1; ಭೂಸ್ವಾಧೀನ ಇಲ್ಲ, ರೈತರಿಂದ ಗುತ್ತಿಗೆ; ಆರಂಭಿಕ ದರ ಎಕರೆಗೆ ವರ್ಷಕ್ಕೆ 21,000 ರೂ.
• ಕಾಳಿಯಲ್ಲಿ ಊರು ಕಳೆದುಕೊಂಡವರಿಗೂ ಪಾವಗಡದ ಗುತ್ತಿಗೆ ರೈತರಿಗೂ ವ್ಯತ್ಯಾಸ: ಎರಡನೆಯವರ ಹೆಸರಿನಲ್ಲೇ ಉಳಿದ ಪಹಣಿ
• ಗಾಳಿ: 2024–25ರಲ್ಲಿ ಹೊಸ ಸಾಮರ್ಥ್ಯ ಸೇರ್ಪಡೆಯಲ್ಲಿ ಕರ್ನಾಟಕ ಪ್ರಥಮ, 1,331 ಮೆ.ವಾ.
• ಶರಾವತಿ ಪಂಪ್ಡ್ ಸ್ಟೋರೇಜ್ ಪ್ರಸ್ತಾವ: 2,000 ಮೆ.ವಾ.; ಮೇಲಿನ ಜಲಾಶಯ ತಲಕಳಲೆ, ಕೆಳಗಿನದು ಗೇರುಸೊಪ್ಪ; ಸಿಂಗಳೀಕ ಅಭಯಾರಣ್ಯದ ಕಾರಣ ವಿರೋಧ
• ಅಲೆ ವಿದ್ಯುತ್: ವಿಳಿಂಜಂ (ಕೇರಳ), 150 ಕಿಲೋವಾಟ್, 1991, ದೇಶದ ಮೊದಲನೆಯದು, ಕಾರವಾರ ಕರಾವಳಿಯಲ್ಲಿ ವಾಣಿಜ್ಯ ಸ್ಥಾವರ ಇಲ್ಲ
• ಸೆಲ್ಕೋ (ಸೌರ ವಿದ್ಯುತ್ ಸಂಸ್ಥೆ): 1995, ಬೆಂಗಳೂರು, ಹರೀಶ್ ಹಂದೆ, ಮ್ಯಾಗ್ಸೆಸೆ 2011
• ರೇವಾ ವಿದ್ಯುತ್ ಕಾರು: 2001, ಬೆಂಗಳೂರು, ಚೇತನ್ ಮೈನಿ
• ವಿದ್ಯುತ್ ವಾಹನ ನೀತಿ: 2017, ದೇಶದಲ್ಲಿ ಮೊದಲು ರೂಪಿಸಿದ ರಾಜ್ಯ ಕರ್ನಾಟಕ

ಸಂಸ್ಥೆ, ಮಿಷನ್, ದಿನ

• ಐರೆಡಾ (ನವೀಕರಿಸಬಹುದಾದ ಇಂಧನಕ್ಕೆ ಸಾಲ ನೀಡುವ ಕೇಂದ್ರ ಸಂಸ್ಥೆ): 1987, ಅಸಾಂಪ್ರದಾಯಿಕ ಇಂಧನ ಸಚಿವಾಲಯ: 1992, ಈಗಿನ ಹೆಸರು (ನವ ಮತ್ತು ನವೀಕರಿಸಬಹುದಾದ ಇಂಧನ): 2006
• ರಾಷ್ಟ್ರೀಯ ಸೌರ ಮಿಷನ್: 2010 ಜನವರಿ 11, ಗುರಿ 20 ಗಿಗಾವಾಟ್, 2015ರಲ್ಲಿ 100ಕ್ಕೆ
• ಅಂತಾರಾಷ್ಟ್ರೀಯ ಸೌರ ಒಕ್ಕೂಟ: 2015 ನವೆಂಬರ್ 30, ಪ್ಯಾರಿಸ್, ಕೇಂದ್ರ ಕಚೇರಿ ಗುರುಗ್ರಾಮ
• ಐರೀನಾ (ಅಂತಾರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ): 2009, ಅಬುಧಾಬಿ
• ಪಂಚಾಮೃತ (ಭಾರತದ ಹವಾಮಾನ ಗುರಿಗಳು): 2021 ನವೆಂಬರ್, ಗ್ಲಾಸ್ಗೋ, 2030ಕ್ಕೆ 500 ಗಿಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯ, 2070ಕ್ಕೆ ನಿವ್ವಳ ಶೂನ್ಯ
• ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್: 2023 ಜನವರಿ 4, 19,744 ಕೋಟಿ ರೂ.; 2030ಕ್ಕೆ ವರ್ಷಕ್ಕೆ 5 ದಶಲಕ್ಷ ಟನ್
• ಪಿಎಂ ಸೂರ್ಯಘರ್ (ಮನೆ ಚಾವಣಿ ಸೌರ ವಿದ್ಯುತ್): 2024 ಫೆಬ್ರುವರಿ 13, 1 ಕೋಟಿ ಮನೆ, 75,021 ಕೋಟಿ ರೂ.
• 2025: ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಪಳೆಯುಳಿಕೆಯೇತರ ಪಾಲು ಶೇ. 50
• ಅಕ್ಷಯ ಊರ್ಜಾ ದಿನ: ಆಗಸ್ಟ್ 20, ಇಂಧನ ಸಂರಕ್ಷಣಾ ದಿನ: ಡಿಸೆಂಬರ್ 14

ತಪ್ಪಾಗುವ ಜೋಡಿಗಳು

• ಸ್ಥಾಪಿತ ಸಾಮರ್ಥ್ಯ ≠ ಉತ್ಪಾದನೆ. ಶೇ. 50 ಎಂಬುದು ಸಾಮರ್ಥ್ಯದ ಪಾಲು. ಉತ್ಪಾದನೆಯಲ್ಲಿ ಈಗಲೂ ಕಲ್ಲಿದ್ದಲೇ ಮುಂದು
• ಪಾದೂರು: ಉಡುಪಿ ಜಿಲ್ಲೆ, ದಕ್ಷಿಣ ಕನ್ನಡ ಅಲ್ಲ
• ಸೂಪಾ: ಅತಿ ಎತ್ತರದ ಅಣೆಕಟ್ಟು, ನಾಗಝರಿ: ಕಣಿವೆಯ ಅತಿ ಹೆಚ್ಚು ವಿದ್ಯುತ್
• ಕದ್ರಾ: ಕಾರವಾರ ತಾಲ್ಲೂಕು, ಕೊಡಸಳ್ಳಿ: ಯಲ್ಲಾಪುರ ತಾಲ್ಲೂಕು
• ಬೇಡ್ತಿ ಮತ್ತು ಗಂಗಾವಳಿ: ಒಂದೇ ನದಿ
• ಕೈಗಾದಲ್ಲಿ ಮೊದಲು ವಾಣಿಜ್ಯ ಉತ್ಪಾದನೆ: 2ನೇ ಘಟಕ, 1ನೇ ಅಲ್ಲ
• ಕೈಗಾದ 962 ದಿನಗಳ ದಾಖಲೆ ಮುರಿದದ್ದು: ಡಾರ್ಲಿಂಗ್ಟನ್ 1ನೇ ಘಟಕ, ಕೆನಡಾ; 2020ರಲ್ಲಿ ಮುನ್ನಡೆ, 2021 ಫೆಬ್ರುವರಿಯಲ್ಲಿ 1,106 ದಿನಕ್ಕೆ ನಿಲುಗಡೆ. ಉತ್ತರದಲ್ಲಿ ಕೈಗಾಕ್ಕೆ 'ಅಂದಿನ ವಿಶ್ವದಾಖಲೆ' ಎಂದೇ ಬರೆಯಿರಿ